ಎದುರುಮನೆ ಮಾವ ಬಿಚ್ಚಿಸಿದ ಎಂಜಿನ್

ಹೋದ ವಾರ ಚಿಕ್ಕಮ್ಮನ ಮಗಳ ಸೀಮಂತಕ್ಕೆಂದು ದೇವನಹಳ್ಳಿಗೆ ಹೋಗಿದ್ದೆ. ಊಟ ಮುಗಿಸಿ ಹೊರಟು, ಕೋಟೆ ಕಡೆಯ ಸಣ್ಣ ರಸ್ತೆಯೊಂದರಲ್ಲಿ ಬರುತ್ತಿದ್ದಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಬಿಸಿ ವಾರ್ನಿಷ್‌ನ ವಾಸನೆ. ಬಾಗಿಲಿಗೆ ಬಳಿಯುವ ವಾರ್ನಿಷ್ ಅಲ್ಲ. ಸುಟ್ಟುಹೋದ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿ, ಮೇಲಿಂದ ಸುರಿದು, ದೊಡ್ಡ ಬಲ್ಬಿನ ಕಾವಿನಲ್ಲಿ ಒಣಗಿಸುತ್ತಾರಲ್ಲ, ಅದು. ಸ್ವಲ್ಪ ಸಿಹಿ, ಸ್ವಲ್ಪ ಘಾಟು. ಎರಡು ಹೊಸ ಹೋಟೆಲುಗಳ ನಡುವೆ ಪಂಪ್‌ಸೆಟ್ ಮೋಟರ್ ರಿಪೇರಿಯ ಒಂದು ಹಳೇ ಅಂಗಡಿ ಇನ್ನೂ ಉಳಿದುಕೊಂಡಿತ್ತು. ಗಾಡಿ ನಿಲ್ಲಿಸಿದೆ. ಒಳಗಿದ್ದವರು, "ಏನ್ ಬೇಕಿತ್ತಮ್ಮಾ?" ಎಂದರು. "ಏನಿಲ್ಲ ಬಿಡಿ" ಎಂದೆ. ಎದುರುಮನೆ ಮಾವ ನೆನಪಾಗಿದ್ದರು, ಅದನ್ನು ಅಂಗಡಿಯವರಿಗೆ ಹೇಗೆ ಹೇಳುವುದು...

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದವರ ಬೀದಿ. ಮನೆಯ ಹಿಂದಿನ ಅರ್ಧ ಭಾಗದಲ್ಲಿ ಅಪ್ಪನ ನಾಲ್ಕು ವಿದ್ಯುತ್ ಮಗ್ಗಗಳು, ಮುಂದಿನ ಅರ್ಧದಲ್ಲಿ ನಾವು. ರಸ್ತೆಯ ಆ ಬದಿಯಲ್ಲಿ ಎದುರುಮನೆ ಮಾವನ ಮನೆ. ಅದರ ಮುಂದಿನ ಕೋಣೆಯೇ ಅವರ ಅಂಗಡಿ. ಬೀದಿಯ ಯಾವ ಮಗ್ಗದ ಮೋಟರ್ ಸುಟ್ಟರೂ ಅವರ ಬಳಿಗೇ ಬರಬೇಕು. ಹಿಂದೂಪುರದ ಕಡೆಯಿಂದ ಬಂದು ನೆಲೆಸಿದವರು. ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡಿದರೂ ನನ್ನನ್ನು ಮಾತ್ರ ತೆಲುಗಿನಲ್ಲಿ "ತಲ್ಲಿ" ಎಂದು ಕರೆಯುತ್ತಿದ್ದರು, ತಾಯಿ ಎಂದು. ತಮ್ಮ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕೂತವರು ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟು, "ಲೇ, ನಿನ್ ಮೂರನೇ ಮಗ್ಗದ್ ಬೇರಿಂಗ್ ಹೋಗ್ತಾ ಐತೆ, ಆಫ್ ಮಾಡು!" ಎಂದು ಅಪ್ಪನಿಗೆ ಕೂಗುತ್ತಿದ್ದರು. ಅಪ್ಪ ಬೈದುಕೊಂಡು ಆಫ್ ಮಾಡಿ ನೋಡಿದರೆ ಬೇರಿಂಗ್ ನಿಜಕ್ಕೂ ಹೋಗಿರುತ್ತಿತ್ತು.

ನನಗೆ ಎಳವೆಯಲ್ಲಿ ಜ್ವರ ಬಂದು ಎಡಗಾಲು ಸೊರಗಿತು. ನಡೆಯುತ್ತೇನೆ, ಆದರೆ ಆ ಕಾಲಿನ ಮೇಲೆ ಪೂರ್ತಿ ಭಾರ ಬಿಡಲಾರೆ. ಶಾಲೆಗೆ, ಆಮೇಲೆ ಕಾಲೇಜಿಗೆ ಅಪ್ಪನೇ ತನ್ನ ಮೋಟರ್ ಸೈಕಲ್ಲಿನಲ್ಲಿ ಕರೆದೊಯ್ದ. ಚಿಕ್ಕವಳಿದ್ದಾಗ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ, ದೊಡ್ಡವಳಾದ ಮೇಲೆ ಹಿಂದೆ. ನಾನು ಗಾರ್ಮೆಂಟ್ ಫ್ಯಾಕ್ಟರಿಯ ತಪಾಸಣೆ ವಿಭಾಗಕ್ಕೆ ಸೇರಿದ ಎರಡನೇ ವರ್ಷ ಅಪ್ಪನ ಕಣ್ಣು ಮಂದವಾಯಿತು. ಆಪರೇಷನ್ ಆದರೂ ಗಾಡಿ ಓಡಿಸುವಷ್ಟು ದೃಷ್ಟಿ ಬರಲಿಲ್ಲ. ಗಾಡಿ ಮೆಟ್ಟಿಲ ಕೆಳಗೆ ನಿಂತುಬಿಟ್ಟಿತು. ನಾನು ಶೇರ್ ಆಟೋ ಹಿಡಿದೆ.

ಒಂದು ಬೆಳಿಗ್ಗೆ ಎರಡು ಆಟೋಗಳು ತುಂಬಿ ನನ್ನನ್ನು ಬಿಟ್ಟು ಹೋದವು. ಮಾವ ಜಗಲಿಯಿಂದ ನೋಡುತ್ತಿದ್ದರು.

"ಅಪ್ಪನ್ ಗಾಡಿ ಇದ್ಯಲ್ಲ ತಲ್ಲಿ, ಅದನ್ನ ಓಡ್ಸೋಕೇನು?"

"ಗೇರು ಎಡಗಾಲಲ್ಲಿ ಅಲ್ವಾ ಮಾವ? ಕಿಕ್ ಹೊಡೀವಾಗ ಭಾರ ಎಲ್ಲಾ ಎಡಗಾಲ್ ಮೇಲೇ ಬರುತ್ತೆ."

ಅವರು ಕಾಫಿ ಲೋಟ ಕೆಳಗಿಟ್ಟರು. "ಗೇರೇ ಇಲ್ದಂಗ್ ಮಾಡಿದ್ರೆ? ಕಿಕ್ಕೂ ಇಲ್ದಂಗೆ?"

ತಮಾಷೆ ಅಂದುಕೊಂಡೆ. ಆದರೆ ಸಂಜೆ ಅವರು ನಮ್ಮ ಮನೆಗೆ ಬಂದು ಅಪ್ಪನ ಮುಂದೆ ಕುಳಿತೇಬಿಟ್ಟರು. ಎಂಜಿನ್ ಇಳಿಸಿ ಆ ಜಾಗದಲ್ಲಿ ಮೋಟರು, ಬ್ಯಾಟರಿ ಕೂರಿಸುವುದು. ಕರೆಂಟ್ ಗಾಡಿ.

ಅಪ್ಪನಿಗೆ ಸಿಟ್ಟು ಬಂತು. "ಅವಳಿಗೆ ಬೇಕಾದ್ರೆ ಪಕ್ಕದ್ ಚಕ್ರ ಇರೋ ಸ್ಕೂಟರ್ ಕೊಡಿಸ್ತೀನಿ. ನನ್ ಗಾಡಿ ಎದೆ ಬಗೀಬೇಡ."

"ನಿಮ್ಮಪ್ಪನ್ ಕಾಲ್ದಲ್ಲಿ ಇಲ್ಲಿ ಕೈಮಗ್ಗ ಇತ್ತು. ನೀನು ಮೋಟ್ರು ಇಟ್ಟೆ. ಸೀರೆ ಬರೋದು ನಿಂತೋಯ್ತಾ?" ಎಂದರು ಮಾವ.

ಅಪ್ಪ ಒಪ್ಪಲಿಲ್ಲ. ನನ್ನನ್ನು ಕೇಳಿದಾಗ ಇದ್ದದ್ದನ್ನೇ ಹೇಳಿದೆ. ನನಗೆ ಸ್ಕೂಟರ್ ಬೇಡವಾಗಿತ್ತು. ಆ ಟ್ಯಾಂಕಿನ ಮೇಲೆ ಕೂತು ಹ್ಯಾಂಡಲ್ ಹಿಡಿದಂತೆ ನಟಿಸುತ್ತಿದ್ದವಳು ನಾನು. ನನಗೆ ಆ ಗಾಡಿಯೇ ಬೇಕಿತ್ತು.

ಮುಂದಿನ ವಾರ ಶೇರ್ ಆಟೋದಿಂದ ಇಳಿಯುವಾಗ ನನ್ನ ಕಾಲು ಪೂರ್ತಿ ನೆಲಕ್ಕೂರುವ ಮೊದಲೇ ಆಟೋ ಮುಂದಕ್ಕೆ ಸರಿಯಿತು. ಬಿದ್ದೆ. ಮೊಣಕೈ ತರಚಿತ್ತು, ಅಷ್ಟೆ. ಮನೆಗೆ ಬಂದಾಗ ಅಪ್ಪ ಅದನ್ನು ನೋಡಿ ಮಗ್ಗದ ಕಡೆ ಹೋದ. ಮರುದಿನ ಬೆಳಿಗ್ಗೆ ಸ್ಪ್ಯಾನರ್ ಸದ್ದಿಗೆ ಎಚ್ಚರವಾಯಿತು. ಅಪ್ಪ ಮೆಟ್ಟಿಲ ಬಳಿ ಮಣೆ ಹಾಕಿಕೊಂಡು, ಕೈಯಿಂದಲೇ ತಡಕಿ ತಡಕಿ ಎಂಜಿನ್ನಿನ ಬೋಲ್ಟ್ ಬಿಚ್ಚುತ್ತಿದ್ದ. ಮಾವ ಬಂದು ಪಕ್ಕದಲ್ಲಿ ನಿಂತಿದ್ದರು. ಕೈ ಹಾಕಿರಲಿಲ್ಲ. "ಅದು ಅವನೇ ಬಿಚ್ಬೇಕು ತಲ್ಲಿ" ಎಂದರು ನನಗೆ, ಮೆಲ್ಲಗೆ.

ಮೂರು ತಿಂಗಳು ಹಿಡಿಯಿತು. ಗುಜರಿಯಲ್ಲಿ ಸಿಕ್ಕಿದ ಒಂದು ಎಲೆಕ್ಟ್ರಿಕ್ ಗಾಡಿಯ ಸುಟ್ಟ ಮೋಟರು ತಂದು ಅದಕ್ಕೆ ಹೊಸದಾಗಿ ತಂತಿ ಸುತ್ತಿದರು. ಅಂಥದ್ದನ್ನು ಅವರು ಹಿಂದೆಂದೂ ಮುಟ್ಟಿರಲಿಲ್ಲ. ಎರಡು ಸಲ ತಪ್ಪಾಯಿತು, ಎರಡು ಸಲವೂ ಪೂರ್ತಿ ಬಿಚ್ಚಿ ಮತ್ತೆ ಸುತ್ತಿದರು. ಆದರೆ ಅದಕ್ಕಿಂತ ಹೆಚ್ಚು ಹೊತ್ತು ಅವರು ಕಳೆದದ್ದು ನನ್ನನ್ನು ಖಾಲಿ ಗಾಡಿಯ ಮೇಲೆ ಕೂರಿಸಿ ನೋಡುವುದರಲ್ಲಿ. "ಈಗ ನಿಲ್ಸು. ಯಾವ್ ಕಾಲ್ ಕೆಳಗಿಟ್ಟೆ? ಬಲಗಾಲಾ? ಹಂಗಾದ್ರೆ ಹಿಂದಿನ್ ಬ್ರೇಕು ಬಲಗಾಲಲ್ಲಿ ಇದ್ರೆ ಆಗಲ್ಲ." ಕ್ಲಚ್ ಇನ್ನು ಬೇಕಿರಲಿಲ್ಲವಲ್ಲ, ಆ ಹಿಡಿಗೇ ಹಿಂದಿನ ಬ್ರೇಕನ್ನು ಜೋಡಿಸಿದರು. ಸೈಡ್ ಸ್ಟ್ಯಾಂಡ್ ಎಡಗಾಲಿನಿಂದ ತಳ್ಳಬೇಕಿತ್ತು. ಅದಕ್ಕೆ ಒಂದು ಕಬ್ಬಿಣದ ಸರಳು ಬೆಸೆದು ಕೈಯಿಂದಲೇ ಇಳಿಸುವಂತೆ ಮಾಡಿದರು. ನನ್ನ ಕಾಲಿನ ಬಗ್ಗೆ ಜನ ಪಾಪ ಅಂದಿದ್ದು ಬೇಕಾದಷ್ಟು ಕೇಳಿದ್ದೆ. ಅದನ್ನು ಅಳತೆ ತೆಗೆದುಕೊಂಡವರು ಅವರೊಬ್ಬರೇ.

ಒಂದು ಭಾನುವಾರ ಊರಾಚೆಯ ಮೈದಾನಕ್ಕೆ ಗಾಡಿ ತಳ್ಳಿಕೊಂಡು ಹೋದೆವು. ನಾನು ಹತ್ತಿ ಕುಳಿತು ಆಕ್ಸಿಲೇಟರ್ ತಿರುವಿದ್ದೇ ತಡ, ಗಾಡಿ ಚಂಗನೆ ಮುಂದಕ್ಕೆ ನೆಗೆಯಿತು. ನಾನು ಎಡಕ್ಕೆ ಬಿದ್ದೆ, ಅದು ನನ್ನ ಪಕ್ಕದಲ್ಲಿ ಬಿತ್ತು.

ಅಪ್ಪ ಓಡಿ ಬಂದ. "ಸಾಕ್ ನಿಲ್ಸೋ! ನನ್ ಮಗಳೇನು ನಿನ್ ಮೋಟ್ರು ಟೆಸ್ಟ್ ಮಾಡೋ ಬೆಂಚಾ?"

ಮಾವನ ಮುಖ ಬಿಳಚಿಕೊಂಡಿತ್ತು. ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ನನ್ದೇ ತಪ್ಪು ತಲ್ಲಿ. ಪಿಕಪ್ ಜಾಸ್ತಿ ಇಟ್ಬಿಟ್ಟಿದ್ದೆ. ನೀನು ಮೊದಲ್ನೇ ಸಲ ಅನ್ನೋದೇ ಮರ್ತೋಯ್ತು."

ಅಂಗೈ ಉರಿಯುತ್ತಿತ್ತು. ಆದರೆ ಆ ಒಂದು ಗಳಿಗೆ ಗಾಡಿ ನನ್ನ ಕೈಯಲ್ಲಿ ಮುಂದಕ್ಕೆ ಹೋಗಿತ್ತಲ್ಲ... "ಪಿಕಪ್ ಕಮ್ಮಿ ಮಾಡಿ ಮಾವ, ಇನ್ನೊಂದ್ಸಲ ಹತ್ತುತೀನಿ" ಎಂದೆ.

"ನಾಳೆ ನೋಡೋಣ."

"ಇವತ್ತೇ."

ಅವರು ಅಪ್ಪನ ಮುಖ ನೋಡಿದರು. ಅಪ್ಪ ಬಗ್ಗಿ ಗಾಡಿ ಎತ್ತಿ ನಿಲ್ಲಿಸಿದ.

ಎರಡನೇ ಸಲ ಗಾಡಿ ಮೆಲ್ಲಗೆ ಹೊರಟಿತು. ಸದ್ದೇ ಇಲ್ಲ, ಚೈನಿನ ಸರಸರ ಮಾತ್ರ. ಮೈದಾನದ ತುದಿಯವರೆಗೂ ಹೋದೆ. ಅಷ್ಟು ವರ್ಷ ನಾನು ರಸ್ತೆಯನ್ನು ನೋಡಿದ್ದು ಅಪ್ಪನ ಭುಜದ ಪಕ್ಕದಿಂದ, ಆಟೋದಲ್ಲಿ ಕೂತವರ ತಲೆಗಳ ನಡುವಿನಿಂದ. ಆ ದಿನ ನನ್ನ ಮುಂದೆ ಯಾರ ಬೆನ್ನೂ ಇರಲಿಲ್ಲ. ತಿರುಗಿಸಿಕೊಂಡು ಬಂದಾಗ ಇಬ್ಬರೂ ಜಗಳ ಮರೆತು ಹಲ್ಲು ಬಿಟ್ಟುಕೊಂಡು ನಿಂತಿದ್ದರು.

ರಸ್ತೆಗೆ ಇಳಿಸಬೇಕಾದರೆ ಕಾಗದ ಪತ್ರ ಆಗಬೇಕಿತ್ತು. ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಸಾರಿಗೆ ಕಚೇರಿಗೆ ಹೋದೆವು. ಅಧಿಕಾರಿ ಒಳ್ಳೆಯವರು. ಸುತ್ತಲೂ ನೋಡಿದರು, ಸ್ಟ್ಯಾಂಡಿನ ಸರಳನ್ನು ಎರಡು ಸಲ ಎತ್ತಿ ಇಳಿಸಿದರು. ಕೊನೆಗೆ ಮಾವನ ಕಡೆ ತಿರುಗಿ, "ಕೆಲಸ ಅಚ್ಚುಕಟ್ಟಾಗಿದೆ ಯಜಮಾನ್ರೇ. ಆದ್ರೆ ಮನೇಲಿ ಮಾಡಿದ ಮೋಟರಿಗೆ ನಾನು ಸಹಿ ಹಾಕೋಕಾಗಲ್ಲ. ಒಪ್ಪಿಗೆ ಆಗಿರೋ ಕಿಟ್ ಬರುತ್ತೆ, ಅದನ್ನ ಹಾಕಿಸ್ಕೊಂಡ್ ಬನ್ನಿ" ಎಂದರು.

ಗಾಡಿಯನ್ನು ಮತ್ತೆ ಟೆಂಪೋಗೆ ಹತ್ತಿಸಿ ವಾಪಸ್ ಹೊರಟೆವು. ನನಗೆ ಅಳು ಬರುತ್ತಿತ್ತು. ನನಗಾಗಿ ಅಲ್ಲ, ಮಾವನಿಗಾಗಿ. ಮೂರು ಸಲ ಸುತ್ತಿದ ಮೋಟರು. ಊರು ಬಂದಾಗ ಮಾವ, "ಆ ಕಿಟ್ ಎಲ್ಲಿ ಸಿಗುತ್ತೆ ಫೋನಲ್ಲಿ ನೋಡು ತಲ್ಲಿ" ಎಂದರು.

"ನಿಮ್ ಮೋಟ್ರು ಮಾವ?"

"ಓಡಾಡ್ಬೇಕಾಗಿರೋದು ನೀನು. ನನ್ ಮೋಟ್ರಲ್ಲ."

ಬೆಂಗಳೂರಿನ ಕಂಪನಿಯಿಂದ ಇಬ್ಬರು ಬಂದು ಕಿಟ್ ಕೂರಿಸಿದರು. ಅವರು ಬರುವ ಹಿಂದಿನ ದಿನ ಮಾವ ತಮ್ಮ ಮೋಟರನ್ನು ತಾವೇ ಇಳಿಸಿ, ಫ್ರೇಮನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ ಇಟ್ಟಿದ್ದರು. ಬ್ರೇಕನ್ನೂ ಸ್ಟ್ಯಾಂಡನ್ನೂ ಬಂದವರು ಹಾಗೇ ಉಳಿಸಿಕೊಂಡರು. ಆ ಮೋಟರನ್ನು ಅಂಗಡಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತಾರೆ ಎಂದುಕೊಂಡಿದ್ದೆ. ಒಂದು ವಾರ ಬಿಟ್ಟು ಕೇಳಿದರೆ, "ಬಿಚ್ಚಿ ತಾಮ್ರ ಗುಜರಿಗೆ ಹಾಕ್ಬಿಟ್ಟೆ. ಪೂಜೆ ಮಾಡ್ಲಾ ಅದಕ್ಕೆ?" ಎಂದು ನಕ್ಕರು. ನನಗೆ ಚುಚ್ಚಿದಂತಾಯಿತು. ಅವರಿಗೆ ಏನೂ ಅನ್ನಿಸಿರಲಿಲ್ಲವೋ, ಅನ್ನಿಸಿದ್ದನ್ನು ತೋರಿಸಲಿಲ್ಲವೋ... ಇವತ್ತಿಗೂ ಗೊತ್ತಿಲ್ಲ.

ಕಾಗದಗಳಾದ ಮೇಲೆ ಮೊದಲು ಹಿಂದೆ ಕೂತದ್ದು ಅಪ್ಪ. ಶಿವಗಂಗೆಗೆ ಹೋಗೋಣ ಎಂದ. ದಾರಿಯುದ್ದಕ್ಕೂ "ನಿಧಾನ, ಹಂಪ್ ಇದೆ, ಹಾರನ್ ಮಾಡು" ಎಂದು ಒಂದೇ ಸಮನೆ ಹೇಳುತ್ತಿದ್ದ. ಬೆಟ್ಟದ ಬುಡದಲ್ಲಿ ನಿಲ್ಲಿಸಿದಾಗ, "ಚೆನ್ನಾಗ್ ಓಡಿಸ್ತೀಯಾ" ಎಂದ. ಆ ಮಾತನ್ನು ಊರಿಗೆ ಬಂದು ಮಾವನಿಗೆ ಹೇಳಿದೆ. "ಇಷ್ಟ್ ವರ್ಷದಲ್ಲಿ ನನ್ ಒಂದ್ ರಿಪೇರೀನೂ ಚೆನ್ನಾಗೈತೆ ಅಂದಿಲ್ಲ ನಿಮ್ಮಪ್ಪ" ಎಂದರು. ಖುಷಿಯಾಗಿತ್ತು ಅವರಿಗೆ.

ಹೆಂಡತಿ ತೀರಿಕೊಂಡ ಮೇಲೆ ಮಾವ ಮಗಳ ಮನೆಗೆಂದು ಹಿಂದೂಪುರಕ್ಕೆ ಹೋದರು. ಒಂದು ರಜೆಯ ದಿನ ಗೌರಿಬಿದನೂರಿನ ಹೋಟೆಲೊಂದರಲ್ಲಿ ದೋಸೆ ತಿಂದು, ಹೋಟೆಲಿನವರನ್ನು ಕೇಳಿಕೊಂಡು ಎರಡು ಗಂಟೆ ಚಾರ್ಜ್ ಹಾಕಿ, ಒಬ್ಬಳೇ ಹಿಂದೂಪುರಕ್ಕೆ ಹೋದೆ. ಹೇಳದೆ ಹೋಗಿದ್ದೆ. ಬಾಗಿಲಿಗೆ ಬಂದ ಮಾವ ನನ್ನ ಮುಖ ನೋಡುವ ಮೊದಲೇ ಗಾಡಿಯ ಹತ್ತಿರ ಕೂತು ಚೈನು ಅಲುಗಿಸಿದರು. "ಸಡ್ಲ ಆಗೈತೆ. ಹಿಂಗೇನಾ ಅಷ್ಟ್ ದೂರದಿಂದ ಬಂದಿದ್ದು?" ಎಂದು ಬೈದು, ಸ್ಪ್ಯಾನರ್ ತಂದು ಬಿಗಿ ಮಾಡಿ, ಆಮೇಲೆ ಊಟಕ್ಕೆ ಕರೆದರು. ಅದೇ ಕೊನೆ. ಆ ಚಳಿಗಾಲದಲ್ಲಿ ಹೋಗಿಬಿಟ್ಟರು. ಸುದ್ದಿ ತಿಳಿದು ಅಪ್ಪನೂ ನಾನೂ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನಾನು ದಿನವೂ ಕೆಲಸಕ್ಕೆ ಅದೇ ಗಾಡಿಯಲ್ಲಿ ಹೋಗುತ್ತೇನೆ. ಬದುಕು ನೆಮ್ಮದಿಯಾಗಿಯೇ ಇದೆ. ದೇವನಹಳ್ಳಿಯಿಂದ ಬಂದ ಮಾರನೆಯ ದಿನ ಫ್ಯಾಕ್ಟರಿಗೆ ಹೊಸದಾಗಿ ಸೇರಿದ ಒಬ್ಬಳು ಗಾಡಿಯ ಸುತ್ತ ಓಡಾಡಿ ನೋಡುತ್ತಿದ್ದಳು. ಅವಳಿಗೆ ಬಲಗೈಯಲ್ಲಿ ಶಕ್ತಿ ಕಮ್ಮಿ. ಬೀಗದ ಕೈ ಕೊಟ್ಟೆ. ಎಡಗೈಯನ್ನು ಅಡ್ಡಹಾಯಿಸಿ ಆಕ್ಸಿಲೇಟರ್ ಹಿಡಿದು, ಅಂಗಳದಲ್ಲಿ ಅಡ್ಡಾದಿಡ್ಡಿ ನಾಲ್ಕು ಮಾರು ಹೋಗಿ ನಗುತ್ತ ನಿಲ್ಲಿಸಿದಳು.

"ಅಕ್ಕಾ, ಆಕ್ಸಿಲೇಟ್ರು ಎಡಗೈಗೆ ಹಾಕ್ಕೊಡ್ತಾರಾ? ಯಾರತ್ರ ಮಾಡಿಸ್ದೆ ನೀನು?"

"ನಮ್ ಎದುರುಮನೆ ಮಾವ" ಎಂದೆ.

"ಕರ್ಕೊಂಡ್ ಹೋಗ್ತೀಯಾ ಅವರತ್ರ?"

"ಇಲ್ಲ ಕಣೇ, ತೀರ್ಕೊಂಡ್ರು" ಎಂದೆ. ಅವರು ಹೋಗಿ ಎರಡು ವರ್ಷದ ಮೇಲಾಗಿದೆ. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.