ಬಳೆಗಾರ್ತಿ ಮೋತಿಬಿಯ ಹೆಜ್ಜೆ

ಗುರುಸಿದ್ದವ್ವ ಮೋತಿಬಿಯನ್ನು ಮೊದಲು ಕಂಡದ್ದು ಎಪ್ಪತ್ತೆಂಟನೆಯ ಇಸವಿಯ ದೀಪಾವಳಿ ಮುಗಿದ ಮೂರನೆಯ ದಿನ, ಲಕ್ಷ್ಮೇಶ್ವರದ ದವಾಖಾನೆಯಲ್ಲಿ. ಗಂಡ ತೀರಿದ ಮೇಲೆ ಗುರುಸಿದ್ದವ್ವ ಅಲ್ಲಿ ಆಯಾ ಆಗಿದ್ದಳು. ಓದುಬರಹ ಅಷ್ಟಕ್ಕಷ್ಟೆ, ಎಣಿಕೆ ಮಾತ್ರ ತಪ್ಪುತ್ತಿರಲಿಲ್ಲ. ಡಾಕ್ಟರ್ ದೇವೇಂದ್ರಪ್ಪನವರು ವಯಸ್ಸಾದವರ ಕಾಲಿನ ಕಸುವು ನೋಡುವಾಗ ಎಣಿಸುವ ಕೆಲಸ ಅವಳಿಗೇ ಬಿಡುತ್ತಿದ್ದರು. ಅರ್ಧ ನಿಮಿಷದಲ್ಲಿ ಕೈ ಊರದೆ ಕುರ್ಚಿಯಿಂದ ಎಷ್ಟು ಸಲ ಎದ್ದರು, ಒಂಟಿಗಾಲಲ್ಲಿ ಎಷ್ಟು ಎಣಿಸುವತನಕ ನಿಂತರು, ನೆಲದ ಮೇಲಿನ ಸೀಮೆಸುಣ್ಣದ ಗೆರೆ ಬಿಡದೆ ಹತ್ತು ಹೆಜ್ಜೆ ನಡೆದರೋ ಇಲ್ಲವೋ. ಒಂದೊಂದಕ್ಕೂ ಅವಳು ಪಾಟಿಯ ಮೇಲೆ ಗೀಟು ಹಾಕುತ್ತಿದ್ದಳು.

ಮೋತಿಬಿಗೆ ಆಗ ಅರವತ್ತೆಂಟು. ಬಳೆ ಪೋಣಿಸಿದ ಮಲಾರವನ್ನು ಎಡ ಹೆಗಲಿಗೆ ಹಾಕಿಕೊಂಡು ಶಿರಹಟ್ಟಿಯ ತನಕ ಊರೂರು ನಡೆದು ಬಳೆ ಇಡುವುದೇ ಅವಳ ಬದುಕು. ಹಿಂದಿನ ವಾರ ಹಳ್ಳ ದಾಟುವಾಗ ಕಲ್ಲಿನ ಮೇಲಿಂದ ಜಾರಿ ಬಿದ್ದಿದ್ದಳು. ಮೊಣಕೈ ತರಚಿತ್ತು, ಮೂರು ಡಜನ್ ಬಳೆ ಒಡೆದಿದ್ದವು. ಇನ್ನು ಮನೆಯಲ್ಲೇ ಕೂಡು ಎಂದು ಮಗ ಖಾಜಾಸಾಬ ಹಟ ಹಿಡಿದ. ಡಾಕ್ಟರು ಬೇಡ ಅಂದರೆ ಬಿಡುತ್ತೇನೆ, ನಿನ್ನ ಮಾತಿಗಲ್ಲ ಎಂದು ಮುದುಕಿ ತಾನೇ ಮುಂದಾಗಿ ಬಂದಿದ್ದಳು.

ಕುರ್ಚಿಯಲ್ಲೇ ಎಡವಟ್ಟಾಯಿತು. ಗಿಡ್ಡ ಹೆಂಗಸು, ಕಾಲು ನೆಲಕ್ಕೆ ತಾಗಲಿಲ್ಲ. ಎದ್ದದ್ದು ನಾಲ್ಕೇ ಸಲ. ಒಂಟಿಗಾಲಲ್ಲಿ ಐದು ಎಣಿಸುವಷ್ಟರಲ್ಲಿ ವಾಲಿದಳು. ಗೆರೆಯ ಮೇಲೆ ಮೂರನೆಯ ಹೆಜ್ಜೆಗೇ ಬಲಕ್ಕೆ ಸರಿದಳು. ಬರಿಗೈಯಲ್ಲೇ ಹೀಗಾದರೆ ಭಾರ ಹೊತ್ತರೆ ಗತಿಯೇನು ಎಂದು ಖಾಜಾಸಾಬ ಡಾಕ್ಟರ ಮುಖ ನೋಡಿದ. ಡಾಕ್ಟರು ಬರೆಯಲು ಪೆನ್ನು ತೆಗೆದರು.

"ತಡೀರಿ ಸಾಹೇಬ್ರ," ಅಂದಳು ಮೋತಿಬಿ. "ನಾ ಹುಟ್ಟಿದ ಮ್ಯಾಲ ಕುರ್ಚಿ ಮ್ಯಾಲ ಕುಂತದ್ದು ಇವತ್ತ. ಕುರ್ಚಿ ಹಾಕಿ ಬಳಿ ಇಡಸ್ಕೊಳ್ಳೋ ಮನಿ ಒಂದರ ತೋರಸ್ರಿ. ನಾ ನೆಲಕ್ಕ ಕುಂದ್ರಾಕಿ, ನೆಲದಿಂದ ಏಳಾಕಿ. ಎಣಸೂದಿದ್ರ ಅದನ್ನ ಎಣಸ್ರಿ."

ಡಾಕ್ಟರಿಗೆ ನಗು ಬಂತು. ಆತು ಅಂದರು. ಮೋತಿಬಿ ನೆಲಕ್ಕೆ ಕೂತು, ಗಾಜು ಹಿಡಿದವರ ಹಾಗೆ ಎರಡೂ ಕೈ ಮುಂದೆ ಎತ್ತಿಕೊಂಡೇ ಎದ್ದಳು. ಅರ್ಧ ನಿಮಿಷಕ್ಕೆ ಏಳು ಸಲ. ಆಮೇಲೆ ಮಲಾರ ಬೇಕು ಅಂದಳು. ಖಾಜಾಸಾಬ ಅದನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದ, ಅವನೇ ಹೋಗಿ ಹೊತ್ತು ತರಬೇಕಾಯಿತು. ಐವತ್ತು ವರ್ಷ ಎಡಗಡೆಯ ಭಾರಕ್ಕೆ ಬಲಕ್ಕೆ ಬಾಗಿಯೇ ನಡೆದ ಮೈ ಅದು. ಹೆಗಲಿಗೆ ಮಲಾರ ಬಿದ್ದದ್ದೇ ತಡ, ನೆಟ್ಟಗಾಯಿತು. ಹತ್ತು ಹೆಜ್ಜೆ ಗೆರೆಯ ಮೇಲೇ ಬಂದವು. ಗುರುಸಿದ್ದವ್ವ ಬಗ್ಗಿ ನೋಡಿ, ಒಂದು ಹೆಜ್ಜೆ ಬೆರಳಷ್ಟು ಗೆರೆ ಬಿಟ್ಟಿದೆ ಅಂದಳು.

"ಒಂದಕ್ಕ ಕಣ್ಣ ಮುಚ್ಚಿದ್ರ ನಿನ್ನ ಗಂಟೇನ ಹೋಗತಿತ್ತ ತಂಗಿ?"

"ಅದಕ್ಕ ಮುಚ್ಚಿದ್ರ ಉಳದ ಒಂಬತ್ತೂ ಸುಳ್ಳ ಆಗತಾವಲ್ಲ ಅಕ್ಕಾ."

ಮೋತಿಬಿ ಅವಳನ್ನು ಮೇಲಿಂದ ಕೆಳಗೆ ನೋಡಿ ಮಲಾರ ಇಳಿಸಿದಳು. ನಡೆಯಬಹುದು, ಆದರೆ ಒಂಟಿಗಾಲು ನಿಲ್ಲುವುದಿಲ್ಲ, ಹಳ್ಳದ ಕಲ್ಲು ದಾಟಬೇಡ, ರಸ್ತೆ ಹಿಡಿ ಎಂದು ಡಾಕ್ಟರು ಹೇಳಿದರು. ಸುತ್ತಾಗುತ್ತದೆ ಎಂದು ಗೊಣಗುತ್ತಲೇ ಒಪ್ಪಿದಳು.

ಆಮೇಲೆ ವರ್ಷಕ್ಕೊಮ್ಮೆ, ಯಾರೂ ಕರೆಯದೆ ತಾನೇ ಬರುತ್ತಿದ್ದಳು. ಏಳು ಗೀಟು ಆರಾದವು. ಎರಡು ವರ್ಷ ಆರರಲ್ಲೇ ನಿಂತು ನಾಲ್ಕಕ್ಕೆ ಇಳಿದವು. ಗುರುಸಿದ್ದವ್ವ ಒಂದೂ ಹೆಚ್ಚು ಹಾಕಲಿಲ್ಲ, ಮೋತಿಬಿಯೂ ಮತ್ತೆ ಕೇಳಲಿಲ್ಲ. ಗೀಟು ಇಳಿದಂತೆ ದಾರಿ ಗಿಡ್ಡ ಮಾಡಿಕೊಂಡಳು. ಮೊದಲು ಶಿರಹಟ್ಟಿ ಬಿಟ್ಟಳು, ಆಮೇಲೆ ಹಳ್ಳಿಗಳನ್ನು, ಕಡೆಗೆ ಲಕ್ಷ್ಮೇಶ್ವರದ ನಾಲ್ಕು ಓಣಿ ಉಳಿದವು. ಇನ್ನಾದರೂ ಸಾಕು ಮಾಡು ಎಂದು ಮಗ ಅಂದಾಗಲೆಲ್ಲ, ದಾರಿ ಮುಗಿದಿದೆಯೇ ಹೊರತು ಕಾಲು ಮುಗಿದಿಲ್ಲ ಅನ್ನುತ್ತಿದ್ದಳು.

ಎಂಬತ್ತೈದನೆಯ ಇಸವಿಯಲ್ಲಿ ನೆಲದಿಂದ ಏಳಲು ಗೋಡೆ ಬೇಕಾಯಿತು. ಗುರುಸಿದ್ದವ್ವ ಪಾಟಿಯ ಮೇಲೆ ಏನೂ ಬರೆಯದೆ ತೋರಿಸಿದಳು. ಮಲಾರ ಸೊಸೆಯ ಹೆಗಲಿಗೆ ಹೋಯಿತು. ಅದಾಗಿ ತಿಂಗಳಿಗೆ ಮೇಲಿನ ಓಣಿಯ ಸುಮಿತ್ರವ್ವನ ಸೊಸೆಗೆ ಕುಬಸ ಬಂತು. ಬಸುರಿಗೆ ಹಸಿರು ಬಳೆ ಇಡಲು ನಿನ್ನ ಸೊಸೆಯನ್ನು ಕಳಿಸು ಸಾಕು ಎಂದು ಸುಮಿತ್ರವ್ವ ಹೇಳಿಕಳಿಸಿದ್ದಳು. ಸುಮಿತ್ರವ್ವನ ಮದುವೆಗೂ ಕುಬಸಕ್ಕೂ ಬಳೆ ಇಟ್ಟವಳು ಮೋತಿಬಿ. ಅವಳು ಎರಡು ಡಜನ್ ಬಳೆ ಸೆರಗಿಗೆ ಕಟ್ಟಿಕೊಂಡು, ಮಗ ಅಂಗಡಿಗೆ ಹೋದದ್ದು ನೋಡಿ, ಗೋಡೆ ಹಿಡಿದು ದವಾಖಾನೆಯ ತನಕ ಬಂದಳು. ಗುರುಸಿದ್ದವ್ವ ಕುಂಡ್ರು ಅಂದಳು. ಕೂತರೆ ಏಳುವುದು ತಡವಾಗುತ್ತದೆ ಎಂದು ಮೋತಿಬಿ ನಿಂತೇ ಸುಧಾರಿಸಿಕೊಂಡಳು. ಅವಳು ಗುರುಸಿದ್ದವ್ವನನ್ನು ಕೇಳಿದ ಕಡೆಯ ಮಾತು ಇಷ್ಟೇ:

"ಸುಮಿತ್ರವ್ವನ ಮನಿಗೆ ಏರಾಕ ಪಾವಟಿಗಿ ಎಷ್ಟದಾವ ತಂಗಿ?"