ಇಲ್ಲ ಅನ್ನಲಾರದವರ ಟ್ರಾಕ್ಟರು

ನಮ್ಮ ಮನೆಯ ಟ್ರಾಕ್ಟರು ನನಗಿಂತ ಎರಡು ವರ್ಷಕ್ಕೆ ದೊಡ್ಡದು. ಚಿಕ್ಕಂದಿನಿಂದಲೂ ಅದರ ಜೊತೆ ನನಗೆ ಅಕ್ಕನ ಜೊತೆ ಇರುವಂಥದೇ ಪ್ರೀತಿ, ಅಂಥದೇ ಜಗಳ. ಹೋದ ಮುಂಗಾರಿಗೆ ಮುಂಚೆ ಅದರ ಸ್ಟೇರಿಂಗ್ ಎಷ್ಟು ಬಿಗಿಯಾಯಿತೆಂದರೆ, ಒಂದು ಗೇಣು ತಿರುಗಿಸಬೇಕಾದರೂ ಸೀಟಿನಿಂದ ಎದ್ದು ಜೋತುಬೀಳಬೇಕಿತ್ತು. ಮಾಲೂರಿನಲ್ಲಿರುವ ತಮ್ಮ ಫೋನಿನಲ್ಲೇ ತೀರ್ಪು ಕೊಟ್ಟ. "ಗುಜರಿಗೆ ಹಾಕಕ್ಕಾ. ಭಾನುವಾರ ಗಾಡಿ ಕಳಿಸ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಕೋಲಾರದ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವವಳು ನಾನು; ಕೆಟ್ಟಿದ್ದನ್ನು ಬಿಚ್ಚಿ ನೋಡದೆ ಎಸೆಯುವವರನ್ನು ಕಂಡರಾಗದು. ಮೂರು ದಿನ ರಜ ಬರೆದುಕೊಟ್ಟು ಗೌನಿಪಲ್ಲಿ ಬಸ್ಸು ಹತ್ತಿ ಊರಿಗೆ ಬಂದೆ.

ಅಪ್ಪ ಜಗಲಿಯ ಮೇಲೆ ಕೂತಿದ್ದರು. ಟ್ರಾಕ್ಟರೆಂದರೆ ಪ್ರಾಣ ಬಿಡುವ ಮನುಷ್ಯ ಈಗ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಏನಾಯ್ತಪ್ಪ ಅಂದರೆ, "ವಯಸ್ಸಾಯ್ತಲ್ಲಮ್ಮ ಅದಕ್ಕೂ," ಅಂದರು.

ಅಷ್ಟರಲ್ಲಿ ಮಾವ ಬಂದರು, ಮೊಪೆಡ್ಡಿನ ಮೇಲೆ, ರಿಪೇರಿ ಸಾಮಾನಿನ ಚೀಲ ನೇತುಹಾಕಿಕೊಂಡು. ಅಮ್ಮನ ಅಣ್ಣ ಇವರು. ಕೆರೆಯ ಆಚೆ ದಡದ ಊರು. ಅಪ್ಪ ಮತ್ತು ಮಾವ ಒಬ್ಬರನ್ನೊಬ್ಬರು ಕರೆಯುವುದು ಭಾವ ಅಂತ, ಅದೂ ಬಹುವಚನದಲ್ಲಿ. ಮೂವತ್ತು ವರ್ಷದಿಂದ ಪ್ರತಿ ಉಳುಮೆಗೂ ಮಾವ ಬಂದು ಟ್ರಾಕ್ಟರು ಕೇಳುತ್ತಿದ್ದರು, ಅಪ್ಪ ಕೊಡುತ್ತಿದ್ದರು. ಹೆಣ್ಣು ಕೊಟ್ಟವರಿಗೆ ಇಲ್ಲ ಅನ್ನುವುದುಂಟೆ? ಮಾವ ಗೇಟು ದಾಟಿ ತಿರುವಿನಲ್ಲಿ ಮರೆಯಾದ ಮೇಲೆ ಮಾತ್ರ ಅಪ್ಪ ರಸ್ತೆಯನ್ನೇ ನೋಡುತ್ತ, "ಏನು ತಿಂತಾರೋ ಈ ಮನುಷ್ಯ! ಅದೇನು ತೋಳೋ!" ಅನ್ನುತ್ತಿದ್ದರು. ನಾನದನ್ನು ಹೊಗಳಿಕೆ ಅಂದುಕೊಂಡಿದ್ದೆ.

ಮೊದಲನೇ ದಿನ ಮಾವ ಮುಂದಿನ ಟೈರಿಗೆ ಗಾಳಿ ಹೊಡೆಸಿದರು. ಏನೂ ಆಗಲಿಲ್ಲ. ಎರಡನೇ ದಿನ ಮುಂದಿನ ಆಕ್ಸಲಿನ ಕೀಲುಕೀಲಿಗೂ ಗ್ರೀಸು ತುಂಬಿಸಿದರು. ಹಳೇ ಕೆಸರೆಲ್ಲ ಹೊರಗೆ ಬಂತು, ನನ್ನ ಎರಡು ಚೂಡಿದಾರ ಹಾಳಾದವು, ಸ್ಟೇರಿಂಗ್ ಜಗ್ಗಲಿಲ್ಲ. ಮಾವ ಅದಕ್ಕೆ ತೆಲುಗಿನಲ್ಲಿ "ತಿರುಗವೇ ತಲ್ಲೀ", ತಿರುಗೇ ತಾಯಿ, ಅಂತ ಪುಸಲಾಯಿಸಿಯೂ ನೋಡಿದರು. ನಾನು ಸ್ಟೇರಿಂಗಿನ ಕೆಳಗಿದ್ದ ಗೇರ್ ಪೆಟ್ಟಿಗೆಯ ಕಡೆ ಕೈ ಮಾಡಿದಾಗಲೆಲ್ಲ, "ಅದಕ್ಕೇನಾಗಿದೆ, ಬಿಡಮ್ಮ," ಅನ್ನುತ್ತಿದ್ದರು. ಜಗಲಿಯಿಂದ ಅಪ್ಪನೂ ಹೌದು ಹೌದು ಅಂತ ತಲೆ ಆಡಿಸುತ್ತಿದ್ದರು. ಮಾವ ರಾತ್ರಿ ಊರಿಗೆ ಹೋಗದೆ ನಮ್ಮ ಜಗಲಿಯಲ್ಲೇ ಮಲಗುತ್ತಿದ್ದರು; ಇಬ್ಬರೂ ಊಟಕ್ಕೆ ಕೂಡ ಒಟ್ಟಿಗೇ ಎದ್ದು ಒಟ್ಟಿಗೇ ಬಂದು ಕೂರುತ್ತಿದ್ದರು.

ಶನಿವಾರ ನನ್ನ ತಾಳ್ಮೆ ಮುಗಿಯಿತು. ಮುಂದಿನ ಚಕ್ರಗಳಿಗೆ ಜಾಕಿ ಕೊಟ್ಟು ಎತ್ತಿದೆ. ಆಗಲೂ ಬಿಗಿ. ಪೆಟ್ಟಿಗೆಯಿಂದ ಚಕ್ರಕ್ಕೆ ಹೋಗುವ ಉದ್ದನೆಯ ರಾಡನ್ನೇ ಬಿಚ್ಚಿಹಾಕಿದೆ. ಈಗ ಸ್ಟೇರಿಂಗಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಆಗಲೂ ಬಿಗಿ! ಅಂದಮೇಲೆ ರೋಗ ಪೆಟ್ಟಿಗೆಯಲ್ಲೇ. ಚಿಂದಿ ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಅದನ್ನು ಒರೆಸುತ್ತ ಹೋದೆ. ನಟ್ಟು ಬೋಲ್ಟೆಲ್ಲ ಜಿಡ್ಡು ಹಿಡಿದು ಕರ್‍ರಗಿದ್ದವು, ಒಂದು ಸ್ಕ್ರೂ ಮತ್ತು ಅದರ ನಟ್ಟು ಬಿಟ್ಟು. ಆ ನಟ್ಟು ಮಾತ್ರ ತಿಕ್ಕಿದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಅದರ ಮೂಲೆಗಳು ಸವೆದಿದ್ದವು.

"ಇದನ್ನ ಯಾರೋ ಆಗಾಗ ತಿರುಗಿಸ್ತಾರೆ," ಅಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಪ್ಪನಿಗೆ ಕೆಮ್ಮು ಶುರುವಾಯಿತು. ಮಾವ, "ಕೈ ತೊಳ್ಕೊಂಡು ಬರ್ತೀನಿ," ಅಂತ ಹಿತ್ತಲಿಗೆ ಹೋದರು. ಅವರು ಮರೆಯಾದದ್ದೇ ತಡ ಅಪ್ಪ ಇಳಿದು ಬಂದು ಪಿಸುಗುಟ್ಟಿದರು. "ನಾನೇ ಕಣಮ್ಮ. ಭಾವ ಬರೋ ಹೊತ್ತಿಗೆ ಬಿಗಿ ಮಾಡ್ತಿದ್ದೆ. ತಿರುಗಿಸೋಕಾಗ್ದೆ ಅವರೇ ಬಿಟ್ಟು ಹೋಗ್ಲಿ ಅಂತ. ಈ ಸಲ ಬಿಗಿ ಮಾಡಿದ್ದೇನೋ ಮಾಡಿದೆ, ಬಿಚ್ಚೋಕೆ ಕೈಯಲ್ಲಿ ಕಸುವಿಲ್ಲ. ಅವರಿಗೆ ಹೇಳ್ಬೇಡ."

ಗುಜರಿಗೆ ಹೋದರೂ ಸರಿ, ಭಾವನ ಮುಂದೆ ಮರ್ಯಾದೆ ಹೋಗಬಾರದು! ಹಲ್ಲು ಕಚ್ಚಿಕೊಂಡು ನಟ್ಟು ಸಡಿಲಿಸಿ, ಸ್ಕ್ರೂ ಒಂದು ಸುತ್ತು ಬಿಚ್ಚಿದೆ. ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗಿತು. ಇಷ್ಟು ಹಗುರಾದರೆ ಭಾವ ಒಯ್ದೇಬಿಡ್ತಾರೆ ಅನ್ನುವಂತಿದ್ದ ಅಪ್ಪನ ಮುಖ ನೋಡಲಾರದೆ ಮತ್ತೆ ಸ್ವಲ್ಪ ಬಿಗಿ ಮಾಡಿದೆ.

ಮಾವ ಬಂದವರು, "ನೋಡಿದ್ಯಾ, ಗ್ರೀಸು ಕೆಲಸ ಮಾಡ್ತು," ಅಂದರು. ರಾಡು ಸೇರಿಸಿ, ಜಾಕಿ ಇಳಿಸಿ, ಮಾವನನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹೊರಟೆ. ತಿರುವು ದಾಟಿ ಕೆರೆ ಕಟ್ಟೆಯ ಹುಣಸೆಮರ ಬಂತು. "ನಿಲ್ಸು," ಅಂದರು. ಜೇಬಿನಿಂದ ಒಂದು ಪುಟ್ಟ ಸ್ಪ್ಯಾನರ್ ತೆಗೆದು ತೋರಿಸಿದರು. "ಇಲ್ಲಿ ನಿಲ್ಸಿ ಸಡಿಲ ಮಾಡ್ಕೋತಿದ್ದೆ. ವಾಪಸ್ ಕೊಡೋವಾಗ ಇಲ್ಲೇ ನಿಲ್ಸಿ ಮತ್ತೆ ಬಿಗಿ ಮಾಡ್ತಿದ್ದೆ."

"ಬಿಗಿ ಯಾಕೆ ಮಾಡ್ತಿದ್ರಿ ಮಾವ?"

"ಮಾಡ್ದಿದ್ರೆ, ನಂಗೆ ಗೊತ್ತಾಗಿದೆ ಅಂತ ಭಾವಂಗೆ ಗೊತ್ತಾಗ್ಬಿಡ್ತಿತ್ತಲ್ಲಮ್ಮ."

ಮೂರು ದಿನ ನಾನು ಗ್ರೀಸಿನಲ್ಲಿ ಮುಳುಗೆದ್ದಿದ್ದೆ. ಅಷ್ಟು ಹೊತ್ತೂ ಸ್ಕ್ರೂ ವಿಷಯ ಎತ್ತಲು ಇವರು ಅಪ್ಪ ಎದ್ದು ಹೋಗಲಿ ಅಂತ, ಅಪ್ಪ ಇವರು ಎದ್ದು ಹೋಗಲಿ ಅಂತ ಕಾಯುತ್ತಿದ್ದರು. ಬೈಯಬೇಕೆಂದು ಬಾಯಿ ತೆರೆದರೆ ನಗು ಬಂತು.

ಮನೆಗೆ ಬಂದಾಗ ಅಪ್ಪ ಗೇಟಿನಲ್ಲಿ ನಿಂತಿದ್ದರು. ಕೈಯಾರೆ ಸ್ಟೇರಿಂಗ್ ಅಲ್ಲಾಡಿಸಿ, ಬಿಗಿಯಾಗೇ ಇದೆ ಅಂತ ಖಾತ್ರಿ ಮಾಡಿಕೊಂಡು, ಧಾರಾಳವಾಗಿ ಹೇಳಿದರು. "ಈ ಸಲಾನೂ ಉಳುಮೆಗೆ ತಗೊಂಡು ಹೋಗಿ ಭಾವ."

ಮಾವ ಸೀಟು ಹತ್ತಿ ಸ್ಟೇರಿಂಗ್ ಹಿಡಿದು ಎಳೆದರು. ಅವರ ಬಲಗೈ ಭುಜದ ಮಟ್ಟಕ್ಕೂ ಏಳಲಿಲ್ಲ. ಅದು ನಾಟಕವಲ್ಲ, ಮುಖ ಕಿವಿಚಿಕೊಂಡಿತ್ತು. ಮೆಲ್ಲಗೆ ಕೆಳಗಿಳಿದರು. "ಇಲ್ಲ ಭಾವ. ಈ ತೋಳಿನಲ್ಲಿ ಇನ್ನಾಗಲ್ಲ. ಗಾಡಿ ಇಲ್ಲೇ ಇರ್ಲಿ."

ಮೂವತ್ತು ವರ್ಷ ಅಪ್ಪ ಕಾದಿದ್ದು ಈ ಮಾತಿಗೇ. ಕೇಳಿದ ಮೇಲೆ ಮಾತ್ರ ಅವರ ಮುಖ ಬಾಡಿತು. ಆಮೇಲೆ ಊರಿಗೆಲ್ಲ ಕೇಳುವ ಹಾಗೆ ಅಂದರು: "ಲೇ, ಆ ಸ್ಕ್ರೂ ಪೂರ್ತಿ ಸಡಿಲ ಮಾಡಮ್ಮ. ಭಾವ ಓಡಿಸ್ಬೇಕು."

ಮಾವ ಆಶ್ಚರ್ಯದಿಂದ ಕಣ್ಣರಳಿಸಿದರು. "ಅಲ್ಲೊಂದು ಸ್ಕ್ರೂ ಐತಾ ಭಾವ?"

ನಾನು ಚೀಲದಲ್ಲಿ ಸ್ಪ್ಯಾನರ್ ಹುಡುಕಿದಂತೆ ಮಾಡಿದೆ. ಆ ನಟ್ಟಿಗೆ ಪಳಗಿದ ಸ್ಪ್ಯಾನರ್ ಮಾವನ ಜೇಬಿನಲ್ಲಿತ್ತು.