ಪಾದ ಕಾಣದ ಫೋಟೋ

ಮುಳಬಾಗಿಲಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಕಾಗದದ ಮೇಲೆ ಹಿಂದು ಮುಂದು ಎಂಬುದೇ ಇಲ್ಲ. ನೋಡುವವರ ಕಣ್ಣು ಅದನ್ನು ತಾನೇ ಕಟ್ಟಿಕೊಳ್ಳುತ್ತದೆ. ಗುಂಪಿನ ಫೋಟೋದಲ್ಲಿ ಯಾರು ಮುಂದೆ ನಿಂತಿದ್ದಾರೆಂದು ಹೇಳುವುದು ಮುಖವಲ್ಲ, ಪಾದ. ಯಾರ ಪಾದ ಕೆಳಗಿನ ಅಂಚಿಗೆ ಹತ್ತಿರವೋ ಅವರು ನಮಗೆ ಹತ್ತಿರ. ಪಾದಗಳನ್ನು ಕತ್ತರಿಸಿ ಎಸೆದರೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತಂತೆ ಕಾಣುತ್ತಾರೆ. ಇಪ್ಪತ್ತು ವರ್ಷದ ಕಸುಬಿನಲ್ಲಿ ಕಲಿತ ಈ ವಿದ್ಯೆಯನ್ನು ನಾನು ತೋರಿಸಿದ್ದು ಒಡಹುಟ್ಟಿದ ತಂಗಿಯ ಮೇಲೆ.

ತಂಗಿ ಕುಳ್ಳಿ. ನನ್ನ ಹೆಂಡತಿಯ ಗದ್ದದವರೆಗೂ ಬರುವುದಿಲ್ಲ. ಅದೊಂದೇ ಕಾರಣಕ್ಕೆ ಮೂರು ಸಂಬಂಧ ತಪ್ಪಿಹೋಗಿದ್ದವು. ನಂಗಲಿ ಕಡೆಯಿಂದ ನಾಲ್ಕನೆಯದು ಬಂದಾಗ ನಿಂತಿರುವ ಫೋಟೋ ಬೇಕೆಂದರು. ತಂಗಿಯನ್ನೂ ಹೆಂಡತಿಯನ್ನೂ ಮಾವಿನ ತೋಪಿಗೆ ಕರೆದೊಯ್ದು, ಹೆಂಡತಿ ಗಿಡ್ಡ ಕಾಣಲೆಂದು ಅವಳನ್ನು ತಂಗಿಗಿಂತ ಮೂರು ಹೆಜ್ಜೆ ಹಿಂದಕ್ಕೆ ನಿಲ್ಲಿಸಿದೆ. ದೊಡ್ಡ ಲೆನ್ಸ್ ಹಾಕಿ, ದೂರದಲ್ಲಿ ಮಂಡಿಯೂರಿ ಕೂತೆ.

“ಅಣ್ಣಾ, ಇದೆಲ್ಲಾ ಬೇಡ. ನಾನಿರೋದೇ ಇಷ್ಟು ಅಂತ ಹೇಳ್ಬಿಡು,” ಎಂದಳು ತಂಗಿ.

“ಸುಮ್ನೆ ನಿಂತ್ಕೊಳ್ಳೇ. ನಿನ್ನ ಬುದ್ಧಿಗೆ ಬಿಟ್ರೆ ಈ ಜನ್ಮದಾಗೆ ನಿಂಗೆ ಮದ್ವೆ ಆಗಲ್ಲ,” ಎಂದೆ.

ನಿಂತಳು. ಮೊಣಕಾಲಿನ ಕೆಳಗಿನದನ್ನು ಕತ್ತರಿಸಿದೆ. ಇಬ್ಬರೂ ಸರಿಸಮ. ನನ್ನ ಕೈಚಳಕಕ್ಕೆ ನಾನೇ ಬೀಗಿದೆ.

ಫೋಟೋ ಒಪ್ಪಿಗೆಯಾಗಿ ಭಾನುವಾರ ಹುಡುಗನೂ ಅವನ ತಾಯಿಯೂ ಬಂದರು. ತಂಗಿ ಕಾಫಿ ತಂದಳು, ಹಿಂದೆಯೇ ಹೆಂಡತಿ ಬಜ್ಜಿ ತಂದಳು. ಹುಡುಗನ ತಾಯಿ ಮೊಬೈಲ್ ತೆಗೆದು ಫೋಟೋ ನೋಡಿದರು, ಇವರಿಬ್ಬರನ್ನೂ ನೋಡಿದರು.

“ಇಬ್ರೂ ಪಕ್ಕಪಕ್ಕ ನಿಂತ್ಕೊಳ್ರಮ್ಮಾ.”

ನಿಂತರು. ಆಕೆ ಮಗನ ಕಡೆ ತಿರುಗಿ ತೆಲುಗಿನಲ್ಲಿ “ಪೊಟ್ಟಿದಿ ರಾ” ಎಂದರು, ಕುಳ್ಳಿ ಕಣೋ ಎಂದು. ನಮ್ಮ ಮನೆಯಲ್ಲಿ ಅರ್ಧ ಮಾತು ತೆಲುಗೇ. ನಮಗೆ ಕೇಳಿಸಲೆಂದೇ ಅಂದದ್ದು.

“ಈ ಫೋಟೋ ತೆಗ್ದೋರು ಯಾರು? ಏನ್ ಮೋಸ ಇದು?”

ನನಗೆ ನೆನಪಾದದ್ದು ತಂಗಿಯಲ್ಲ, ನನ್ನ ಸ್ಟುಡಿಯೋ ಹೆಸರು. ಅವರ ಕಡೆಯ ಮದುವೆಗಳೆಲ್ಲ ನನ್ನ ಕೈತಪ್ಪುತ್ತವೆ ಎಂಬ ಭಯ.

“ನಾನೇ ತೆಗ್ದಿದ್ದು. ಬೇಡಮ್ಮಾ ಅಂದೆ, ಇವಳೇ ಹಠ ಮಾಡಿ ಹಿಂಗೆ ತೆಗಿಸ್ಕೊಂಡ್ಲು.”

ಆ ಮಾತು ಅಷ್ಟು ಸಲೀಸಾಗಿ ಬಾಯಿಂದ ಬಂದದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ. ಹೆಂಡತಿ ನನ್ನನ್ನೇ ನೋಡಿದಳು. ತಂಗಿ ಒಂದು ಮಾತು ಆಡಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು.

“ಹೂಂ, ನಾನೇ ಹೇಳ್ದೆ,” ಎಂದು ಕಾಫಿ ಲೋಟ ಮುಂದೆ ಹಿಡಿದಳು.

ಹುಡುಗನ ತಾಯಿ ಲೋಟ ತೆಗೆದುಕೊಳ್ಳುತ್ತಾ, “ಇರೋದು ಗೇಣುದ್ದ, ಸುಳ್ಳು ಮಾತ್ರ ಮಾರುದ್ದ,” ಎಂದರು.

ಹುಡುಗ ನಕ್ಕ. ನಾನೂ ನಕ್ಕೆ.